ಗೂಡಿನ ಪಕ್ಕದ ಕರಟ

ಶಿಷ್ಯನೊಬ್ಬ ಗುರುಗಳ ಮುಂದೆ ಕೂತು ಕೇಳಿದ:

“ಗುರುಗಳೇ, ಅತ್ತಿಗೆ ತೀರಿಕೊಂಡಾಗಿನಿಂದ ನಮ್ಮಣ್ಣ ಗೋಡೆ ನೋಡಿಕೊಂಡು ಕೂತಿದ್ದಾನೆ. ನಾನು ದಿನವೂ ಹೋಗುತ್ತೇನೆ. ನಿಮ್ಮಿಂದ ಕೇಳಿದ್ದನ್ನೆಲ್ಲ ಹೇಳುತ್ತೇನೆ. ದೇಹ ನಿಲ್ಲುವಂಥದ್ದಲ್ಲ ಎನ್ನುತ್ತೇನೆ. ಅಳುತ್ತಾ ಕೂತರೆ ಹೋದವಳಿಗೂ ನೆಮ್ಮದಿಯಿಲ್ಲ ಎನ್ನುತ್ತೇನೆ. ನಿನ್ನೆ ಅವನು ಎದ್ದ. ನನ್ನ ಚಪ್ಪಲಿ ಎತ್ತಿ ಅಂಗಳಕ್ಕೆ ಎಸೆದು ಬಾಗಿಲು ಹಾಕಿಕೊಂಡ. ತಪ್ಪು ಮಾತಿನಲ್ಲಿದೆಯೋ, ನನ್ನ ಬಾಯಲ್ಲಿದೆಯೋ?”

ಗುರುಗಳು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ರೈತ. ಹೊಲ ಅವನದು, ಕೋಳಿ ಅವನ ಹೆಂಡತಿಯದು. ಅವನು ಕೋಳಿಗಳ ಕಡೆ ತಲೆ ಹಾಕಿದವನಲ್ಲ. ಕಾಲಿಗೆ ಅಡ್ಡ ಬಂದರೆ ಬೈಯುವುದು, ತಟ್ಟೆಗೆ ಮೊಟ್ಟೆ ಬಂದರೆ ತಿನ್ನುವುದು, ಅಷ್ಟೆ.

ಆ ವರ್ಷ ಅವಳು ಒಂದು ಕಾವಿನಲ್ಲಿ ನಾಲ್ಕು ಹೆಣ್ಣು ಮರಿಗಳನ್ನು ಉಳಿಸಿಕೊಂಡಳು. ಹದ್ದಿನ ಕಣ್ಣು ತಪ್ಪಿಸಿದಳು. ಗೆದ್ದಲು ಹುಡುಕಿ ತಂದು ಹಾಕಿದಳು. ಒಂದೊಂದಕ್ಕೆ ಒಂದೊಂದು ಹೆಸರಿಟ್ಟಳು. ಕೆಂಚಿ, ಬೂದಿ, ಚುಕ್ಕಿ, ಕರಿ. ಮರಿಗಳು ಎಳೆಯ ಹೇಂಟೆಗಳಾದವು. ಇನ್ನೂ ಮೊಟ್ಟೆಗೆ ಬಂದಿರಲಿಲ್ಲ.

“ಇವುಗಳ ಮೊದಲನೇ ಮೊಟ್ಟೆ ನಿಮಗೇ ಬೇಯಿಸಿ ಕೊಡ್ತೀನಿ, ನೋಡ್ತಿರಿ” ಎಂದಿದ್ದಳು.

ಅಷ್ಟರಲ್ಲಿ ಅವಳಿಗೆ ಜ್ವರ ಬಂತು. ಅವಳು ಹೋದಳು.

ತಿಥಿಯ ದಿನ ನೆಂಟರು ತಾಯಿಕೋಳಿಯನ್ನು ಕೊಯ್ದು ಸಾರು ಮಾಡಿ ಉಂಡು ಹೊರಟುಹೋದರು. ಮನೆಯೊಳಗೆ ರೈತ ಉಳಿದ. ಗೂಡಿನೊಳಗೆ ನಾಲ್ಕು ಹೇಂಟೆ ಉಳಿದವು. ಬೆಳಿಗ್ಗೆ ಅವು ಗಲಾಟೆ ಮಾಡಿದವು. ಗೂಡು ತೆರೆಯುವವರು ಬೇರೆ ಯಾರೂ ಇರಲಿಲ್ಲ. ಅವನು ಎದ್ದು ತೆರೆದ. ಆ ದಿನ ಅವನು ಎದ್ದದ್ದು ಅದೊಂದಕ್ಕೇ.

ಪಕ್ಕದ ಮನೆಯಲ್ಲಿ ಒಬ್ಬ ಮುದುಕಿ ಇದ್ದಳು. ಬಾಯಿ ಜೋರು. ಆದರೆ ಸಾವಾದ ಮೇಲೆ ಅವಳು ಈ ಮನೆಗೆ ಬಂದು ಒಂದು ಮಾತೂ ಆಡಿರಲಿಲ್ಲ. ಸಂಜೆ ಒಂದು ತಟ್ಟೆ ತಂದು ಜಗಲಿಯ ಮೇಲೆ ಇಡುವಳು. ಮೇಲೊಂದು ಬುಟ್ಟಿ ಮುಚ್ಚಿ ಹೋಗುವಳು. ಬೆಳಿಗ್ಗೆ ಬಂದು ತೆಗೆದುಕೊಂಡು ಹೋಗುವಳು. ರೈತ ಅಂಬಲಿ ಕುಡಿದು ಮಲಗುತ್ತಿದ್ದ. ತಟ್ಟೆ ಮುಟ್ಟುತ್ತಿರಲಿಲ್ಲ. ಯಾಕೆ ಮುಟ್ಟಲಿಲ್ಲ ಎಂದು ಅವಳೂ ಕೇಳುತ್ತಿರಲಿಲ್ಲ.

ಕೋಳಿಗೆ ಏನು ಹಾಕಬೇಕೋ ಅವನಿಗೆ ಗೊತ್ತಿಲ್ಲ. ನುಚ್ಚು ಕಂಡಿತು, ಚೆಲ್ಲಿದ. ತೌಡು ಕಂಡಿತು, ಕಲಸಿ ಇಟ್ಟ. ಗೂಡಿನ ಪಕ್ಕದಲ್ಲಿ ಒಂದು ತೆಂಗಿನ ಕರಟ ಬಿದ್ದಿತ್ತು. ತಳದಲ್ಲಿ ಬಿಳಿಯ ಚೂರುಗಳಿದ್ದವು. ಕಸ ಎಂದು ಕೊಡವಿದ. ಕರಟವನ್ನು ತೌಡು ಅಳೆಯಲು ಇಟ್ಟುಕೊಂಡ.

ಹೀಗಿರುವಾಗ ಕೆಂಚಿಯ ಜುಟ್ಟು ಕೆಂಪಗಾಯಿತು. ಮೂಲೆ ಮೂಲೆ ಹುಡುಕಿಕೊಂಡು ಓಡಾಡಿತು. ಒಂದು ದಿನ ಹುಲ್ಲಿನ ಬುಟ್ಟಿಯಲ್ಲಿ ಕೂತು ಎದ್ದಿತು. ರೈತ ಓಡಿಹೋಗಿ ಕೈ ಹಾಕಿದ. ಮೊಟ್ಟೆ ಇತ್ತು. ಅದಕ್ಕೆ ಓಡು ಇರಲಿಲ್ಲ. ಬರಿ ತೊಗಲು. ಬೆರಳು ತಗುಲಿದ ಕಡೆ ತಗ್ಗು ಬಿತ್ತು. ಆಮೇಲೆ ಹರಿದು ಕೈಯೆಲ್ಲ ಲೋಳೆಯಾಯಿತು.

ಅವನು ಕೈ ಚಾಚಿಕೊಂಡು ಹಾಗೇ ಕೂತ. ಮೊದಲನೇ ಮೊಟ್ಟೆ ನಿಮಗೇ ಎಂದಿದ್ದಳು. ಅದು ಇದು.

ಅವನ ಚಿಕ್ಕಪ್ಪನಿಗೆ ಸುದ್ದಿ ಹೋಯಿತು. ಬಂದು ಹೇಳಿದ: “ತೊಗಲು ಮೊಟ್ಟೆ ಇಡೋ ಕೋಳಿ ಸಾವಾದ ಮನೇಲಿ ಇರಬಾರದು ಕಣೋ. ನಾಲ್ಕೂ ಒಂದೇ ಕಾವಿನವು, ಒಂದನ್ನೂ ಇಟ್ಟುಕೋಬೇಡ. ಅಮಾವಾಸ್ಯೆ ಕಳೀಲಿ, ನಾನೇ ಬಂದು ಕೊಯ್ದು ಕೊಡ್ತೀನಿ. ನೀನು ಖಾರ ಅರೆದಿಟ್ಟಿರು.”

ರೈತನಿಗೆ ಕೊಡಲು ಮನಸ್ಸಿಲ್ಲ. ಅವಳ ಕೈಯಲ್ಲಿ ಬೆಳೆದು ಆ ಮನೆಯಲ್ಲಿ ಇನ್ನೂ ಉಸಿರಾಡುತ್ತಿದ್ದದ್ದು ಅವು ನಾಲ್ಕೇ.

ಸಂತೆಯಲ್ಲಿ ಕೇಳಿದ. ಓಡು ಕಟ್ಟಲು ಸುಣ್ಣದಂಥದ್ದು ಬೇಕು, ಕಪ್ಪೆಚಿಪ್ಪು ಕುಟ್ಟಿ ಹಾಕು ಎಂದರು. ಅವನು ಹೊಳೆಯ ದಂಡೆಗೆ ಹೋಗಿ ಪಂಚೆಯ ತುಂಬ ಚಿಪ್ಪು ಆರಿಸಿ ತಂದ. ನುಣ್ಣಗೆ ಕುಟ್ಟಿದ. ಕರಟದಲ್ಲಿ ಮೊಗೆದು ಮೊಗೆದು ತೌಡಿಗೆ ಸುರಿದ. ತೌಡು ಬೆಳ್ಳಗಾಯಿತು. ಹೇಂಟೆಗಳು ಕೊಕ್ಕು ಇಟ್ಟು ಹಿಂದೆ ಸರಿದವು. ಹಸಿದರೆ ತಿಂದಾವು ಎಂದು ಬೇರೆ ಏನೂ ಹಾಕಲಿಲ್ಲ. ಆಗಲೂ ತಿನ್ನಲಿಲ್ಲ. ಅಮಾವಾಸ್ಯೆ ಹತ್ತಿರ ಬಂತು. ಅವನು ಒಂದೊಂದನ್ನೇ ಹಿಡಿದು, ತೊಡೆಯ ಸಂದಿಯಲ್ಲಿ ಒತ್ತಿಕೊಂಡು, ಕೊಕ್ಕು ಬಿಡಿಸಿ ಉಂಡೆ ತುರುಕಿದ.

ಹೀಗೇ ನಡೆಯಿತು. ಕರಿ ಮೂಲೆ ಹಿಡಿಯಿತು. ಪುಕ್ಕ ಕೆದರಿಕೊಂಡು, ಗೋಡೆಯ ಕಡೆ ತಿರುಗಿ ಕೂತಿತು.

ಶಿಷ್ಯ ತಲೆ ಎತ್ತಿದ. ಗುರುಗಳು ಕತೆ ನಿಲ್ಲಿಸಲಿಲ್ಲ.

ಮುದುಕಿ ಬೇಲಿಯ ಆಚೆಯಿಂದ ನೋಡಿದಳು. ಇನ್ನು ತಡೆಯಲಾಗಲಿಲ್ಲ.

“ಏನೋ ತಮ್ಮಾ, ಕೋಳಿಗೆ ಮೇವು ಹಾಕ್ತಿದ್ದೀಯೋ, ಗೋಡೆಗೆ ಸುಣ್ಣ ಹೊಡೀತಿದ್ದೀಯೋ?”

“ಓಡು ಗಟ್ಟಿಯಾಗಲಿ ಅಂತ, ಅಕ್ಕ.”

“ಮೊಟ್ಟೆಗೆ ಬಂದಿರೋದು ಕೆಂಚಿ ಒಂದೇ. ಉಳಿದವಕ್ಕೆ ಇನ್ನೂ ಜುಟ್ಟೇ ಕೆಂಪಾಗಿಲ್ಲ. ಅವಕ್ಕೆ ಈಗಲೇ ಚಿಪ್ಪು ತುರುಕಿದರೆ ಒಳಗೆ ಕೆಡುತ್ತೆ. ನುಚ್ಚು ಹಾಕು, ಸೊಪ್ಪು ಹಾಕು, ಒಂದಿಷ್ಟು ಹಿಂಡಿ ನೆನೆಸಿ ಹಾಕು. ತಿಪ್ಪೆ ಕೆದಕೋಕೆ ಬಿಡು.”

“ಯಾವುದಕ್ಕೆ ಯಾವಾಗ ಬೇಕು ಅಂತ ನನಗೆ ಹೇಗಕ್ಕ ಗೊತ್ತಾಗಬೇಕು?”

“ನಿನಗ್ಯಾಕೆ ಗೊತ್ತಾಗಬೇಕು? ಅದಕ್ಕೆ ಗೊತ್ತಾಗುತ್ತೆ. ಅವಳು ಚಿಪ್ಪಿನ ಚೂರು ಒಂದು ಕರಟದಲ್ಲಿ ಹಾಕಿ ಗೂಡಿನ ಪಕ್ಕ ಇಟ್ಟಿರ್ತಿದ್ದಳು. ಮೇವು ಬೇರೆ, ಚಿಪ್ಪು ಬೇರೆ. ಬೇಕಾದ ಕೋಳಿ ಬೇಕಾದಾಗ ಬಂದು ಕುಕ್ಕುತ್ತಿತ್ತು. ಆ ಕರಟ ಏನಾಯ್ತು?”

ರೈತ ತನ್ನ ಕೈ ನೋಡಿಕೊಂಡ. ಕರಟ ಕೈಯಲ್ಲೇ ಇತ್ತು.

ಅವನು ಅದನ್ನು ತೊಳೆದ. ಚಿಪ್ಪಿನ ಚೂರು ಹಾಕಿ, ಮೊದಲು ಇದ್ದ ಜಾಗದಲ್ಲೇ ಇಟ್ಟ. ಹೇಂಟೆಗಳಿಗೆ ನುಚ್ಚು ಚೆಲ್ಲಿದ, ಸೊಪ್ಪು ಹರಿದು ಹಾಕಿದ. ಕರಿಯ ಮೂಲೆಗೆ ನೀರು ಇಟ್ಟ. ಆಮೇಲೆ ಕರಟದ ಎದುರಿಗೇ ಕೂತು ಕಾದ.

ಯಾವ ಹೇಂಟೆಯೂ ಬರಲಿಲ್ಲ. ಕೆಂಚಿ ಕರಟ ನೋಡಿತು, ಅವನನ್ನು ನೋಡಿತು, ಆಚೆ ಹೋಯಿತು. ಮರುದಿನವೂ ಹಾಗೇ. ಅವನು ಕರಟ ಎತ್ತಿಕೊಂಡು ಅದರ ಹಿಂದೆ ಹೋದ. ಅದು ರೆಕ್ಕೆ ಬಡಿದುಕೊಂಡು ಬೇಲಿ ಹಾರಿತು.

ಮುದುಕಿ ಕೆಂಚಿಯನ್ನು ಹಿಡಿದು ಈಚೆ ಬಿಟ್ಟಳು.

“ಕಳ್ಳನ್ನ ಕಾಯೋ ಹಾಗೆ ಕಣ್ಣು ಬಿಟ್ಟುಕೊಂಡು ಕೂತರೆ ಯಾರಿಗೆ ತಿನ್ನೋಕಾಗುತ್ತೋ? ಹಾಗಂತ ಎದ್ದು ಹೋಗಬೇಡ. ನೀನಿಲ್ಲ ಅಂದ್ರೆ ನಾಯಿ ಬರುತ್ತೆ. ಇಲ್ಲೇ ಇರು. ಬೇಲಿ ಕಡೆ ಮುಖ ಮಾಡಿ ಕೂತ್ಕೋ.”

ಅಷ್ಟು ಹೇಳಿ ಅವಳು ಒಳಗೆ ಹೋದಳು.

ಅವನು ಬೇಲಿಯ ಕಡೆ ಮುಖ ಮಾಡಿ ಕೂತ. ಬೇಲಿಯ ಮೇಲೆ ಹೀರೆಬಳ್ಳಿ ಇತ್ತು. ಹೆಂಡತಿ ಹಬ್ಬಿಸಿದ್ದು. ಹೂ ಬಿಟ್ಟಿತ್ತು. ಅವನು ಅದನ್ನು ಅಲ್ಲಿಯವರೆಗೆ ನೋಡಿರಲಿಲ್ಲ. ನೋಡುತ್ತಾ ಕೂತ. ಎಷ್ಟೋ ಹೊತ್ತಿನ ಮೇಲೆ ಬೆನ್ನ ಹಿಂದೆ ಕರಟಕ್ಕೆ ಕೊಕ್ಕು ತಾಗುವ ಸದ್ದು ಬಂತು. ಅವನು ತಿರುಗಲಿಲ್ಲ.

ಕೆಂಚಿಯ ಮುಂದಿನ ಮೊಟ್ಟೆಗೆ ಓಡು ಇತ್ತು, ತೆಳು. ಅದರ ಮುಂದಿನದು ಚಿಕ್ಕದು. ಆದರೆ ಗಟ್ಟಿ. ಉಗುರಿನಿಂದ ತಟ್ಟಿದರೆ ಟಕ್ ಎಂದಿತು.

ಅಮಾವಾಸ್ಯೆ ಕಳೆಯಿತು. ಚಿಕ್ಕಪ್ಪ ಕತ್ತಿ ಹಿಡಿದು ಬಂದ. ರೈತ ಅವನ ಅಂಗೈಗೆ ಮೊಟ್ಟೆ ಇಟ್ಟ.

“ಒತ್ತಿ ನೋಡು, ಚಿಕ್ಕಪ್ಪ.”

ಚಿಕ್ಕಪ್ಪ ಒತ್ತಿದ. ತಿರುಗಿಸಿ ಒತ್ತಿದ. “ಹಾಗಾದರೆ ಖಾರ ಅರೆದಿಲ್ಲ ಅನ್ನು” ಎಂದ. ನೀರು ಕೇಳಿ ಕುಡಿದು ಹೋದ.

ಆ ಮೊಟ್ಟೆಯನ್ನು ರೈತ ತಾನೇ ಬೇಯಿಸಿಕೊಂಡ. ಸುಲಿದು ತಟ್ಟೆಯಲ್ಲಿ ಇಟ್ಟುಕೊಂಡ. ತಿನ್ನಲು ಆಗಲಿಲ್ಲ. ಆಮೇಲೆ ತಿಂದ.

ಬೂದಿಯೂ ಚುಕ್ಕಿಯೂ ತಮ್ಮ ತಮ್ಮ ಹೊತ್ತಿಗೆ ಜುಟ್ಟು ಕೆಂಪು ಮಾಡಿಕೊಂಡು ಕರಟದ ಬಳಿಗೆ ಬಂದವು. ಕರಿ ಬರಲಿಲ್ಲ. ಮೂಲೆ ಬಿಟ್ಟು ಎದ್ದಿತ್ತು, ಮೇಯುತ್ತಿತ್ತು. ಕರಟದ ಕಡೆ ಮಾತ್ರ ಸುಳಿಯಲಿಲ್ಲ. ತನ್ನ ಕೈಯಿಂದಲೇ ಅದು ಕೆಟ್ಟಿತು ಎಂದುಕೊಂಡ ರೈತ. ಆದರೂ ಕರಟ ಬರಿದಾಗಲು ಬಿಡಲಿಲ್ಲ.

ಒಂದು ಸಂಜೆ ಅವನು ಬೇಲಿಯ ಕಡೆ ಮುಖ ಮಾಡಿ ಕೂತಿದ್ದ. ಬಳ್ಳಿಯಲ್ಲಿ ಕಾಯಿ ತೂಗುತ್ತಿದ್ದವು. ಕೆಂಚಿ, ಬೂದಿ, ಚುಕ್ಕಿ ಅವನ ಕಣ್ಣ ಮುಂದೆಯೇ ಬೇಲಿಯ ಬುಡ ಕೆದಕುತ್ತಿದ್ದವು. ಆಗ ಬೆನ್ನ ಹಿಂದೆ ಕರಟದ ಸದ್ದಾಯಿತು.

ರೈತ ಮೂರನ್ನೂ ಇನ್ನೊಂದು ಸಲ ನೋಡಿದ. ಮೂರೂ ಅಲ್ಲೇ ಇದ್ದವು.

ಅವನು ಕದಲದೆ ಕೂತ. ಸದ್ದು ನಿಂತ ಮೇಲೆ ಎದ್ದ. ಜಗಲಿಗೆ ಬಂದು ಬುಟ್ಟಿ ಎತ್ತಿದ. ತಟ್ಟೆಯಲ್ಲಿ ಮುದ್ದೆ ಇತ್ತು, ಹುರುಳಿ ಸಾರು ಇತ್ತು. ಬಿಸಿ ಇನ್ನೂ ಆರಿರಲಿಲ್ಲ. ಅಲ್ಲೇ ಕೂತು ಉಂಡ. ತಟ್ಟೆ ತೊಳೆದ. ಅದರಲ್ಲಿ ಒಂದು ಮೊಟ್ಟೆ, ಎರಡು ಹೀರೆಕಾಯಿ ಇಟ್ಟು, ಮೊದಲಿನ ಹಾಗೆ ಬುಟ್ಟಿ ಮುಚ್ಚಿದ.

ಬೆಳಿಗ್ಗೆ ಮುದುಕಿ ಬಂದಳು. ಬುಟ್ಟಿ ಎತ್ತಿ ನೋಡಿದಳು. ಬಾಯಿ ಜೋರಿನವಳು ಅಂದೂ ಏನೂ ಹೇಳಲಿಲ್ಲ. ತಟ್ಟೆ ತೆಗೆದುಕೊಂಡು ಹೋದಳು.

ಗುರುಗಳು ಕತೆ ಮುಗಿಸಿದರು.

ಶಿಷ್ಯ ಕೇಳಿದ: “ಹಾಗಾದರೆ ನಾನು ನಾಳೆಯಿಂದ ಅಣ್ಣನ ಮನೆಗೆ ಹೋಗಬಾರದೇ?”

“ಹೋಗು ಮಗು, ಬೇಲಿಯ ಕಡೆ ಮುಖ ಮಾಡಿ ಕೂತುಕೋ” ಎಂದರು ಗುರುಗಳು.

ಶಿಷ್ಯ ಬಾಯಿ ತೆರೆದ. ಮುಚ್ಚಿಕೊಂಡ.