ಜಗಲಿಯ ಕೊಂಡಿ

"ಗುರುಗಳೇ, ಹುಣ್ಣಿಮೆಗೊಮ್ಮೆ ಎಲ್ಲರೂ ನಿಮ್ಮೆದುರು ಕೂತು ಒಳಗಿನ ಕೊಳೆಯನ್ನು ಹೇಳಿಕೊಳ್ಳಬೇಕು ಎಂಬ ನಿಯಮ ಇದೆಯಲ್ಲ, ಅದು ನನಗೂ ಬೇಕೇ?"

ಕೇಳಿದವನು ಮಠದ ಹಿರಿಯ ಶಿಷ್ಯ. ಒಳ್ಳೆಯ ಮಾತುಗಾರ. ಅವನು ಪ್ರವಚನಕ್ಕೆ ಕೂತರೆ ಸುತ್ತಲಿನ ಹತ್ತು ಹಳ್ಳಿಯ ಜನ ಚಾಪೆ ಹಿಡಿದುಕೊಂಡು ಬರುತ್ತಿದ್ದರು. "ಒಳಗೆ ಅಂಥದ್ದೇನಾದರೂ ಇದ್ದಿದ್ದರೆ ಇಷ್ಟು ಜನ ನನ್ನ ಸುತ್ತ ಖುಷಿಯಾಗಿ ಕೂರುತ್ತಿದ್ದರೇ?" ಎಂದೂ ಸೇರಿಸಿದ.

ಗುರು ಅವರೆಕಾಯಿ ಸುಲಿಯುತ್ತಿದ್ದರು. ಮೊರವನ್ನು ಶಿಷ್ಯನ ಕಡೆಗೆ ತಳ್ಳಿದರು. "ಕೈಗೆ ಕೆಲಸ ಇರಲಿ. ಕತೆ ಸ್ವಲ್ಪ ಉದ್ದ" ಎಂದು ನಕ್ಕು ಶುರುಮಾಡಿದರು.

ಒಬ್ಬ ರೈತ ಹೊಸ ಮನೆ ಕಟ್ಟಿಸಿದ. ಹಿತ್ತಿಲಲ್ಲಿ ಅಗೆದಲ್ಲೆಲ್ಲ ಬಂಡೆ ಸಿಕ್ಕಿದ್ದರಿಂದ ಪಾಯಿಖಾನೆ, ಬಚ್ಚಲು ಎರಡರ ನೀರೂ ಸೇರುವ ಸೆಪ್ಟಿಕ್ ಟ್ಯಾಂಕನ್ನು ಮನೆಯ ಮುಂದೆಯೇ ಮಾಡಿಸಬೇಕಾಯಿತು. ಗೃಹಪ್ರವೇಶಕ್ಕೆ ಬಂದವರೆಲ್ಲ ಬಾಗಿಲು ನೋಡುವ ಮೊದಲು ಆ ಸಿಮೆಂಟಿನ ಮುಚ್ಚಳ ನೋಡಿದರು. ರೈತನಿಗೆ ಮುಖ ಎತ್ತಲಾಗಲಿಲ್ಲ. ತೇಗದ ಬಾಗಿಲು ಮಾಡಿಸಿದ್ದ, ಪಾಪ.

ಅವನಿಗೊಂದು ಉಪಾಯ ಹೊಳೆಯಿತು. ಮುಚ್ಚಳದ ಮೇಲೆ ಒಂದು ಜಗಲಿ ಕಟ್ಟಿಸಿದ. ಎಂಥ ಜಗಲಿ ಅಂತೀಯ! ಕರಿಕಲ್ಲಿನ ಚಪ್ಪಡಿ, ಬೆನ್ನಿಗೆ ಒರಗುಕಲ್ಲು, ನಟ್ಟನಡುವೆ ಚೌಕಾಬಾರ ಆಡಲು ಕೊರೆಸಿದ ಮನೆಗಳು. ಒಂದು ತಿಂಗಳಲ್ಲಿ ಅದು ಊರಿನ ಜಗಲಿಯಾಯಿತು. ಮುದುಕರು ಹೊತ್ತು ಏರುವ ಮುಂಚೆ ಕವಡೆ ಹಿಡಿದು ಬಂದರೆ ಊಟಕ್ಕೆ ಮನೆಯಿಂದ ಯಾರಾದರೂ ಕೂಗಬೇಕು. ಸಂಬಂಧಗಳು ಕುದುರಿದ್ದು ಅಲ್ಲೇ, ವ್ಯಾಜ್ಯಗಳು ಮುಗಿದದ್ದು ಅಲ್ಲೇ. ರೈತ ಬಾಗಿಲಲ್ಲಿ ನಿಂತು ನೋಡಿ ನೋಡಿ ಹಿಗ್ಗುತ್ತಿದ್ದ. ಕೆಳಗೆ ಏನಿದೆ ಎಂಬುದನ್ನು ಊರು ಮರೆಯಿತು. ಅವನೂ ಮರೆತ.

ಮೂರು ವರ್ಷಕ್ಕೆ ಪಂಚಾಯಿತಿಯಿಂದ ಟ್ಯಾಂಕು ಪರೀಕ್ಷೆ ಮಾಡುವವನು ಬಂದ. ರೈತ ಅವನನ್ನು ಜಗಲಿಯ ಮೇಲೆ ಕೂರಿಸಿ, ಮಜ್ಜಿಗೆ ಕೊಟ್ಟು, ಒಂದಾಟ ಆಡಿ ಎಂದ. ಅವನು ಸಂಜೆಯವರೆಗೆ ಆಡಿದ, ಸೋತ, ನಾಚಿಕೊಂಡು ಹೋದ. ಬಂದ ಕೆಲಸ ಹಾಗೇ ಉಳಿಯಿತು.

ಆಮೇಲೆ ಜಗಲಿಯ ಪಕ್ಕದ ಬಾಳೆಗಿಡ ಕೊಬ್ಬಿತು. ಗೊನೆ ಎಂದರೆ ಇಬ್ಬರು ಹೊರಬೇಕು. "ಎಲ್ಲ ನನ್ನ ಕೈಗುಣ" ಎಂದು ರೈತ ಮನೆಮನೆಗೆ ಹಣ್ಣು ಹಂಚಿದ. ಪಾಯಿಖಾನೆಯಲ್ಲಿ ನೀರು ಸುರಿದರೆ ಗುಳುಗುಳು ಅನ್ನತೊಡಗಿತು. "ಹೊಸ ಪೈಪು, ಮಾತಾಡ್ತದೆ" ಎಂದ. ಹೆಂಡತಿ ದಿಟ್ಟಿಸಿ ನೋಡಿದಳು. ಆರು ವರ್ಷದ ಪೈಪು ಅದು. ಬಾಳೆಯ ಬುಡದಿಂದ ಹಸಿರು ಹುಲ್ಲಿನ ಒಂದು ಪಟ್ಟಿ ಹೊರಟು ಬಾವಿಯ ಕಡೆ ಹತ್ತು ಹೆಜ್ಜೆ ನಡೆದಿತ್ತು. ಬಾವಿ ಇದ್ದದ್ದು ಇಪ್ಪತ್ತು ಹೆಜ್ಜೆಯಲ್ಲಿ.

ಹೀಗಿರುವಾಗ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬರುವ ದಿನ ಗೊತ್ತಾಯಿತು. ಇನ್ನು ಹದಿನೈದೇ ದಿನ. ರೈತ ಸಂತೆಯಿಂದ ಇಬ್ಬರು ಕೂರುವಷ್ಟು ದೊಡ್ಡ ತಾಮ್ರದ ಹಂಡೆ ತಂದ. ಬಾಣಂತಿ ನೀರು ಅಂದರೆ ಸುಮ್ಮನೆಯೇ? ದಿನಕ್ಕೆ ನಾಲ್ಕು ಹಂಡೆ, ಅದೂ ಮೂರು ತಿಂಗಳು. ಅವನು ಹಂಡೆ ಬೆಳಗುತ್ತಾ ಹಾಡಿಕೊಳ್ಳುತ್ತಿದ್ದಾಗಲೇ ಪಂಚಾಯಿತಿಯಿಂದ ಮತ್ತೊಬ್ಬರು ಬಂದರು. ಈ ಸಲ ಒಬ್ಬ ಹೆಂಗಸು. ಕೈಯಲ್ಲಿ ಬಿಳಿ ಬಟ್ಟೆ ಸುತ್ತಿದ ಉದ್ದನೆಯ ಕೋಲು.

ರೈತ ಹಳೇ ಉಪಾಯವನ್ನೇ ಹೂಡಿದ. "ಬಿಸಿಲಲ್ಲಿ ಬಂದಿದ್ದೀರಿ ತಾಯಿ. ಕೂತ್ಕೊಳ್ಳಿ, ಒಂದಾಟ ಆಡಿ."

ಆಕೆ ಕೂತರು. ಮಜ್ಜಿಗೆ ಕುಡಿದರು. ಕವಡೆ ಎಸೆದರು. ಚೌಕ ಬಿತ್ತು, ಬಾರ ಬಿತ್ತು, ಮತ್ತೆ ಬಾರ. ನಾಲ್ಕೂ ಕಾಯಿ ಹಣ್ಣು ಮಾಡಿ, ಸೀರೆ ಕೊಡವಿ ಎದ್ದರು. ಮುದುಕರು ಬಾಯಿ ಬಿಟ್ಟುಕೊಂಡು ನೋಡಿದರು.

"ಆಟ ಆಯ್ತು ಯಜಮಾನ್ರೇ. ಮುಚ್ಚಳ ಎಲ್ಲಿ?"

ರೈತ ತಲೆ ಕೆರೆದುಕೊಂಡ. "ನೀವು ಗೆದ್ದ ಜಾಗದ ಕೆಳಗೇ ಇದೆ ತಾಯಿ."

ಮುದುಕರೆಲ್ಲ ಒಟ್ಟಿಗೆ ಕಾಲು ಮೇಲೆತ್ತಿಕೊಂಡರು. ಆಕೆಗೆ ನಗು ತಡೆಯಲಾಗಲಿಲ್ಲ.

"ಆರು ವರ್ಷ ಏನೂ ಆಗಿಲ್ಲ ತಾಯಿ. ಮಗಳ ಹೆರಿಗೆ ಮುಗೀಲಿ, ಆಮೇಲೆ ಒಡೆಸ್ತೀನಿ. ಜಗಲಿ ಒಡೆದರೆ ಬೀಗರ ಮುಂದೆ ನನ್ನ ಮಾನ ಏನಾಗ್ಬೇಕು?"

ಆಕೆ ಜಗಲಿಯ ಪಕ್ಕಕ್ಕೆ ನಡೆದರು. ಬಾಳೆಯ ಬುಡ ನೋಡಿದರು. ಹಸಿರು ಪಟ್ಟಿಯ ಮೇಲೆ ಒಂದೊಂದೇ ಹೆಜ್ಜೆ ಇಟ್ಟು, ಹುಲ್ಲು ಮುಗಿದಲ್ಲಿ ನಿಂತರು. ಅಲ್ಲಿಂದ ಬಾವಿಯ ಕಡೆ ಕೋಲು ಚಾಚಿದರು.

"ಹುಟ್ಟೋ ಮಗೂಗೆ ಮೊದಲ ಸ್ನಾನದ ನೀರು ಈ ಬಾವಿದೇನಾ ಯಜಮಾನ್ರೇ?"

ರೈತ ಪಟ್ಟಿಯನ್ನು ನೋಡಿದ. ಬಾವಿಯನ್ನು ನೋಡಿದ. ಬೆಳಗಿಟ್ಟ ಹಂಡೆಯನ್ನು ನೋಡಿದ. ಒಳಗೆ ಹೋಗಿ ಹಾರೆ ತಂದ.

ಮುದುಕರು ಹೋ ಎಂದರು. "ಲೇ, ಇದು ಊರಿನ ಜಗಲಿ ಕಣೋ! ನಮ್ಮನ್ನ ಕೇಳದೆ ಹೆಂಗೆ ಒಡೀತೀಯ?" ಆಗ ಅವರಲ್ಲೆಲ್ಲ ಹಿರಿಯಜ್ಜ, ಏಳಬೇಕಾದರೆ ಇಬ್ಬರು ಹಿಡಿಯಬೇಕಾದವನು, ತಾನೇ ಎದ್ದು ನಿಂತ. "ಏಳ್ರೋ ಮುಕ್ಳಿ ಎತ್ರೋ. ಕೂಸು ಬರ್ತಾ ಐತೆ" ಎಂದ. ಎಲ್ಲರೂ ಎದ್ದರು. ಮೊದಲ ಏಟು ರೈತನೇ ಹಾಕಿದ. ಆಮೇಲೆ ಹಾರೆಗೆ ಕೈಗಳು ತಾವಾಗಿ ಸೇರಿದವು.

ಮುಚ್ಚಳ ತೆಗೆದರು. ಆಕೆ ಕೋಲು ಇಳಿಸಿ ಎತ್ತಿದರು. ಬಿಳಿ ಬಟ್ಟೆ ಎದೆಮಟ್ಟ ಕಪ್ಪಾಗಿತ್ತು. ಹೊರಗೆ ಹೋಗುವ ಕೊಳವೆ ಪೂರಾ ಕಟ್ಟಿಕೊಂಡಿತ್ತು. "ದಿನಾ ಹಂಡೆಗಟ್ಟಲೆ ಬಾಣಂತಿ ನೀರು ಬಿದ್ದಿದ್ರೆ ಇದೆಲ್ಲ ವಾರದೊಳಗೆ ಬಾವಿಗೆ ಸೇರ್ತಿತ್ತು" ಎಂದರು. ಒಬ್ಬ ಹುಮ್ಮಸ್ಸಿನವ ಪಂಚೆ ಎತ್ತಿ ಕಟ್ಟಿ, "ನಾನು ಇಳಿದು ಬಳಿದುಬಿಡ್ತೀನಿ" ಎಂದ. ಆಕೆಯ ನಗು ಆಗ ಮಾತ್ರ ನಿಂತಿತು. "ಮನುಷ್ಯನ್ನ ಇಳಿಸೋ ಹಾಗಿಲ್ಲ. ಒಳಗಿನ ಗಾಳಿಗೇ ಜೀವ ಹೋಗ್ತದೆ. ಲಾರಿ ಬರ್ತದೆ, ಅದು ಹೀರ್ಕೊಳ್ತದೆ" ಎಂದರು. ಲಾರಿ ಬಂತು. ಊರೇ ಮೂಗು ಹಿಡಿದುಕೊಂಡು ಸುತ್ತ ನಿಂತು ನೋಡಿತು. ಕೊಳವೆ ಬಿಡಿಸಿದರು. ಬಾವಿಯ ನೀರನ್ನು ಸೀಸೆಯಲ್ಲಿ ಪರೀಕ್ಷೆಗೆ ಕಳಿಸಿದರು. ಎಂಟು ದಿನ ರೈತನಿಗೆ ಅನ್ನ ಇಳಿಯಲಿಲ್ಲ. ಒಂಬತ್ತನೆಯ ದಿನ, ನೀರು ಶುದ್ಧ ಎಂದು ಕಾಗದ ಬಂತು. ಅವನು ಆ ಕಾಗದವನ್ನು ದೇವರ ಪಟದ ಪಕ್ಕ ಸಿಕ್ಕಿಸಿ, ಜಗಲಿ ಕಟ್ಟಲು ಕಲ್ಲುಕುಟಿಗನನ್ನು ಕರೆಸಿದ.

ಹೌದಪ್ಪಾ, ಅದೇ ಜಾಗದಲ್ಲಿ ಮತ್ತೆ ಜಗಲಿ! ಮುದುಕರು ಬಿಡಬೇಕಲ್ಲ. ಆದರೆ ಈ ಸಲ ನಡುವಿನ ಚಪ್ಪಡಿ ಎತ್ತುವಂತಿತ್ತು. ಅದಕ್ಕೆ ಎರಡು ಕಬ್ಬಿಣದ ಕೊಂಡಿ.

"ಕೊಂಡಿ ಎದ್ದು ಕಾಣ್ತದೆ ಗೌಡ್ರೇ, ಅಂದ ಕೆಡ್ತದೆ" ಎಂದ ಕಲ್ಲುಕುಟಿಗ.

"ಕಾಣ್ಲಿ ಅಂತಾನೇ ಹಾಕಿಸ್ತಿರೋದು" ಎಂದ ರೈತ.

ಮಗಳು ಬಂದಳು. ಹೆಣ್ಣು ಕೂಸು ಹುಟ್ಟಿತು. ನಾಲ್ಕು ಹಂಡೆ ನೀರು ದಿನವೂ ಕಾಯಿತು, ದಿನವೂ ಸದ್ದಿಲ್ಲದೆ ಹರಿದುಹೋಯಿತು. ಬಾಳೆಗಿಡ ಬಡವಾಯಿತು. "ನನ್ನ ಕೈಗುಣ ಇಷ್ಟೇ ನೋಡಿ" ಎಂದು ರೈತ ಬೆರಳುದ್ದದ ಹಣ್ಣುಗಳನ್ನು ನಗುನಗುತ್ತಾ ಹಂಚಿದ. ಕೂಸು ಕೂರಲು ಕಲಿತದ್ದು ಜಗಲಿಯ ಮೇಲೆ. ಕೊಂಡಿ ಎತ್ತಿ ಕಲ್ಲಿಗೆ ಬಡಿದು ಟಿಣ್ ಟಿಣ್ ಎನಿಸುವುದೇ ಅದರ ಆಟ. ಮೂರು ವರ್ಷಕ್ಕೊಮ್ಮೆ ಆ ಹೆಂಗಸು ಕೋಲು ಹಿಡಿದು ತಿರುವಿನಲ್ಲಿ ಕಂಡರೆ ಸಾಕು, ರೈತ ಅಲ್ಲಿಂದಲೇ ಕೂಗುತ್ತಿದ್ದ: "ಏಳ್ರಪ್ಪಾ ಎಲ್ಲ, ಒಳಗೆ ನೋಡೋ ದಿನ ಬಂತು!" ಮುದುಕರು ಕಾಯಿಗಳನ್ನು ಅವು ಇದ್ದ ಮನೆಯ ಲೆಕ್ಕ ಇಟ್ಟುಕೊಂಡು ಎತ್ತುತ್ತಿದ್ದರು. ಚಪ್ಪಡಿ ಕೂತ ಮೇಲೆ ಅದೇ ಮನೆಯಿಂದ ಆಟ ಮುಂದುವರಿಯುತ್ತಿತ್ತು.

ಗುರು ಕತೆ ನಿಲ್ಲಿಸಿದರು. ಶಿಷ್ಯ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಮೊರದ ತುಂಬ ಅವರೆಕಾಳು, ಜೊತೆಗೆ ಅವನು ನಗುವಿನಲ್ಲಿ ಬೀಳಿಸಿದ ಸಿಪ್ಪೆ.

"ಎಂಥ ಪೆದ್ದ ಗುರುಗಳೇ ಆ ರೈತ! ಅಷ್ಟು ಜನ ಬಂದು ಕೂತರು ಅಂತ ಕೆಳಗಿರೋದನ್ನೇ ಮರೆತನಲ್ಲ!"

ಗುರು ಒಂದು ಸಿಪ್ಪೆ ಆರಿಸಿ ಆಚೆ ಹಾಕಿದರು.

"ನಿನ್ನ ಜಗಲಿಗೆ ಕೊಂಡಿ ಎಲ್ಲಿದೆ ಮಗೂ?"

ಶಿಷ್ಯ ಕೈಯಲ್ಲಿದ್ದ ಅವರೆಕಾಯಿಯನ್ನು ಮೊರದಲ್ಲಿಟ್ಟು, "ಹುಣ್ಣಿಮೆ ಯಾವತ್ತು ಗುರುಗಳೇ?" ಎಂದ.