ಶೋಕೇಸಿನ ಆನೆ

ದೇವದಾನ ತನ್ನ ಮಗಳ ಕ್ರಿಸ್ಮಸ್ ಉಡುಗೊರೆಯನ್ನು ಕದ್ದ. ಅವಳಿಗೆಂದು ತಾನೇ ತಂದದ್ದನ್ನು ಅವಳ ಕಣ್ಣೆದುರಿಗೇ ಕಸಿದು, ಶೋಕೇಸಿನಲ್ಲಿಟ್ಟು, ಗಾಜಿನ ಬಾಗಿಲಿಗೆ ಬೀಗ ಹಾಕಿದ. ಒಂದು ವರ್ಷ ಯಾರೂ ಅವನನ್ನು ಕಳ್ಳ ಅನ್ನಲಿಲ್ಲ. ಒಳ್ಳೆಯ ತಂದೆ ಅಂದರು. ಯಾಕೆಂದರೆ ಹಾಗೆ ಅಂದವರ ಮನೆಯಲ್ಲೂ ಒಂದೊಂದು ಶೋಕೇಸಿತ್ತು.

ದೇವದಾನ ಬೆಟಗೇರಿಯವನು. ಸುಟ್ಟುಹೋದ ಮೋಟಾರುಗಳಿಗೆ ಹೊಸ ತಂತಿ ಸುತ್ತಿ ಜೀವ ಕೊಡುವುದು ಅವನ ಕಸುಬು. ಕೈ ಶುದ್ಧ, ಬಾಯಿ ಶುದ್ಧ, ಭಾನುವಾರದ ಆರಾಧನೆ ತಪ್ಪಿಸಿದವನಲ್ಲ. ಮಗಳು ರೂತಳೆಂದರೆ ಪ್ರಾಣ. ಇಂಥವರೇ ಈ ಕಳ್ಳತನ ಮಾಡುವುದು. ಮಕ್ಕಳ ಮೇಲೆ ಪ್ರೀತಿ ಇಲ್ಲದವರು ಆಟಿಕೆ ಅಂಗಡಿಯ ಕಡೆ ತಲೆಹಾಕಿಯೂ ಮಲಗುವುದಿಲ್ಲ.

ಆ ಕ್ರಿಸ್ಮಸ್ಸಿಗೆ ರೂತಳಿಗೆ ನಾಲ್ಕು ವರ್ಷ. ದೇವದಾನ ಗದಗಿನ ದೊಡ್ಡ ಅಂಗಡಿಗೆ ಹೋಗಿ ಒಂದು ನೀಲಿ ಆನೆ ತಂದ. ಸೆಲ್ ಹಾಕಿದರೆ ಮಾತಾಡುವ ಆನೆ. ಹೊಟ್ಟೆಯ ಮೇಲೆ ಸಾಲಾಗಿ ಗುಂಡಿಗಳು. ಒಂದನ್ನು ಒತ್ತಿದರೆ ‘ಅ, ಅರಸ’ ಅನ್ನುತ್ತಿತ್ತು. ಇನ್ನೊಂದನ್ನು ಒತ್ತಿದರೆ ‘ಆ, ಆನೆ’ ಎಂದು ತನ್ನ ಹೆಸರು ತಾನೇ ಹೇಳಿ ಸೊಂಡಿಲು ಎತ್ತುತ್ತಿತ್ತು. ಅಕ್ಷರ ಕಲಿಯುವ ವಯಸ್ಸಿನ ಮಗುವಿಗೆ ಹೇಳಿ ಮಾಡಿಸಿದ ಆಟಿಕೆ. ಆನೆಯ ತಪ್ಪು ಏನೂ ಇಲ್ಲ. ಇದನ್ನು ನೆನಪಿಡಿ.

ರೂತ ಒಂದು ಗುಂಡಿ ಒತ್ತಿದಳು. ಎರಡನೆಯದಕ್ಕೆ ಬೆರಳು ಚಾಚುವಷ್ಟರಲ್ಲಿ ಆನೆ ಅಪ್ಪನ ಕೈಸೇರಿತ್ತು.

“ಹಂಗ ಕುಟ್ಟಬ್ಯಾಡವಾ, ಕೆಡತೈತಿ. ಕರ್ಚಿಕಾಯಿ ತಿಂದ ಕೈ ಬ್ಯಾರೆ, ಎಣ್ಣಿ ಎಣ್ಣಿ ಆಗೇತಿ. ಇಲ್ಲೇ ಇಡ್ತೀನಿ, ದಿನಾ ನೋಡು.”

ಆನೆ ಶೋಕೇಸಿನ ಮೇಲಿನ ಖಾನೆಗೆ ಹೋಗಿ ನಿಂತಿತು. ಅದರ ಒಂದು ಪಕ್ಕ ದೇವದಾನನ ಮದುವೆಯಲ್ಲಿ ಬಂದ ಆರು ಗಾಜಿನ ಲೋಟ, ಇನ್ನೊಂದು ಪಕ್ಕ ಪ್ಲಾಸ್ಟಿಕ್ ಗುಲಾಬಿ. ಕೀಲಿ ದೇವದಾನನ ಜೇಬಿಗೆ ಹೋಯಿತು.

ಅವನ ತಾಯಿ ಮಾರ್ತವ್ವ ಗೋಡೆಗೆ ಒರಗಿ ಅವರೆಕಾಳು ಸುಲಿಯುತ್ತಿದ್ದಳು. “ಆ ಲೋಟದಾಗ ಇನ್ನೂ ಯಾರೂ ನೀರು ಕುಡದಿಲ್ಲ. ಈಗ ಆನೀನೂ ಉಪವಾಸ ಕೂಡ್ರಿಸಿದಿ,” ಅಂದಳು.

“ಸುಮ್ನಿರವ್ವಾ. ನನಗೇನು ಆಟಗಿ ಕೊಡಿಸಿದ್ದಿ ನೀ? ತುಟ್ಟಿ ಸಾಮಾನಿನ ಕಿಮ್ಮತ್ತು ನಿನಗ ಹೆಂಗ ತಿಳೀಬೇಕು?”

“ಕೊಡಿಸಲಿಲ್ಲ, ಖರೇ ಐತಿ. ಆದ್ರ ಕೊಟ್ಟು ಕಸಗೊಳ್ಳಲಿಲ್ಲೋ ತಮ್ಮಾ.”

ಆ ಮಾತು ಮಗನ ಕಿವಿಗೆ ಬಿತ್ತು, ಒಳಗೆ ಇಳಿಯಲಿಲ್ಲ.

ಆಮೇಲೆ ಏನಾಯಿತು ಗೊತ್ತೇ? ಮನೆಗೆ ಯಾರಾದರೂ ಬಂದರೆ ದೇವದಾನ ಬೀಗ ತೆಗೆಯುತ್ತಿದ್ದ. ಆನೆಯನ್ನು ಮೇಜಿನ ಮೇಲಿಟ್ಟು ತಾನೇ ಗುಂಡಿ ಒತ್ತುತ್ತಿದ್ದ. “ಅ, ಅರಸ.” ಬಂದವರು “ಭಾಳ ಚಲೋ ಐತ್ರೀ, ಮಗಳು ಶ್ಯಾಣ್ಯಾಕಿ ಆಗತಾಳ” ಅನ್ನುತ್ತಿದ್ದರು. ಮತ್ತೆ ಬೀಗ. ಹೀಗೆ ನಾಲ್ಕೈದು ಸಲ ಆಯಿತು. ಮಳೆಗಾಲದ ಹೊತ್ತಿಗೆ ಅದೂ ನಿಂತಿತು.

ರೂತ ಅಳುತ್ತ ಕೂರಲಿಲ್ಲ. ಮಕ್ಕಳು ಹಾಗೆ ಕೂರುವವರಲ್ಲ. ಅಪ್ಪನ ಅಂಗಡಿಯಲ್ಲಿ ತಂತಿ ಮುಗಿದ ಪ್ಲಾಸ್ಟಿಕ್ ಉರುಳೆಗಳು ಬಿದ್ದಿರುತ್ತಿದ್ದವು. ಅವನ್ನು ದಾರಕ್ಕೆ ಪೋಣಿಸಿ ರೈಲು ಮಾಡಿದಳು. ಅಜ್ಜಿಯ ಅವರೆಕಾಳುಗಳು ಪ್ರಯಾಣಿಕರು. ರೈಲು ಒಲೆಯ ಹತ್ತಿರದಿಂದ ಹೊರಟು ಬಚ್ಚಲಿನ ತನಕ ಹೋಗುತ್ತಿತ್ತು. ಅಕ್ಷರಗಳನ್ನು ಅಂಗನವಾಡಿಯ ಪಾಟಿಯ ಮೇಲೆ ಬರೆದು ಅಳಿಸಿ ಕಲಿತಳು. ಆನೆ ಗಾಜಿನಾಚೆ ನಿಂತು ನೋಡುತ್ತಿತ್ತು.

ಮತ್ತೆ ಕ್ರಿಸ್ಮಸ್ ಬಂತು. ಇವರ ಚರ್ಚಿನ ಸಂಡೇ ಸ್ಕೂಲಿನಲ್ಲಿ ಒಂದು ಪದ್ಧತಿ ಇದೆ. ಹಬ್ಬದ ದಿನ ಆರಾಧನೆ ಮುಗಿದು ಊಟಕ್ಕೆ ಕೂರುವ ಮುಂಚೆ, ಪ್ರತಿ ಮಗು ತಾನು ಆಡಿದ ಒಂದು ಆಟಿಕೆಯನ್ನು ತನಗಿಂತ ಚಿಕ್ಕ ಮಗುವಿಗೆ ಕೊಡಬೇಕು. ಕೊಟ್ಟು ಸುಮ್ಮನೆ ಕೂತರೆ ಆಗುವುದಿಲ್ಲ. ಎಲ್ಲರ ಮುಂದೆ ಅದನ್ನು ಹೇಗೆ ಆಡಬೇಕೆಂದು ತೋರಿಸಿ ಕೊಡಬೇಕು. ಈ ನಿಯಮ ಮಾಡಿದವರು ಅಲ್ಲಿಯ ಟೀಚರು ಎಸ್ತೇರವ್ವ. ಊರೆಲ್ಲ ಅವರನ್ನು ಅಕ್ಕೋರು ಎನ್ನುತ್ತದೆ. ಹೊಸ ಡಬ್ಬಿ ತಂದವರನ್ನು ಅಕ್ಕೋರು ಬಾಗಿಲಿನಿಂದಲೇ ವಾಪಸು ಕಳಿಸುತ್ತಾರೆ.

ಹಬ್ಬದ ಹಿಂದಿನ ದಿನ ದೇವದಾನನ ಹೆಂಡತಿ ಜಯಶೀಲಾ ಅಂದಳು, “ಉರುಳಿ ರೈಲು ಒಯ್ಲಿ ಬಿಡ್ರಿ. ಆಕಿ ವರ್ಷೆಲ್ಲಾ ಆಡಿದ್ದು ಅದನ್ನ.”

“ಮೋಟಾರು ರಿಪೇರಿ ಮಾಡಾವನ ಮಗಳು ತಂತಿ ಉರುಳಿ ದಾನ ಮಾಡಿದ್ಲು ಅಂತ ಮಂದಿ ನಗಬೇಕೇನು? ಆನಿ ಒಯ್ಯೋಣು. ಅಂಥಾದ್ದು ಇಡೀ ಚರ್ಚಿನ ಸಭಾದಾಗ ಯಾರ ಮನಿಯಾಗೂ ಇಲ್ಲ.”

“ಶೋಕೇಸ್ ಖಾಲಿಯಾಗಿ ಬಣಾ ಬಣಾ ಅನ್ನಂಗಿಲ್ಲೇನ್ರಿ ಮತ್ತ?”

ಹೆಂಡತಿ ಚುಚ್ಚಿದ್ದು ಅವನಿಗೆ ಗೊತ್ತಾಗಲೇ ಇಲ್ಲ. “ಹೊಸಾದು ಬಂದೈತಲ್ಲ” ಎಂದು ಕಪಾಟಿನ ತುದಿಯತ್ತ ಕೈತೋರಿಸಿದ. ಅಲ್ಲಿ ಈ ವರ್ಷದ ಉಡುಗೊರೆ ಇತ್ತು. ದೊಡ್ಡ ಡಬ್ಬಿ. ಒಳಗೆ ಪುಟ್ಟ ಮೋಟಾರು, ಫ್ಯಾನಿನ ರೆಕ್ಕೆ, ಬಲ್ಬುಗಳು, ಬಣ್ಣಬಣ್ಣದ ತಂತಿ. ಜೋಡಿಸಿ ಕಲಿಯುವ ಆಟ. ಮೇಲೆ ಎಂಟು ವರ್ಷ ಮೇಲ್ಪಟ್ಟ ಮಕ್ಕಳಿಗೆ ಎಂದು ದಪ್ಪಗೆ ಬರೆದಿತ್ತು. ರೂತಳಿಗೆ ಆಗ ಐದು.

“ಎಂಟು ತುಂಬೂತನಕ ಒಳಗಿರಲಿ,” ಅಂದ ದೇವದಾನ. ಅಂದರೆ ಮೂರು ವರ್ಷ ಸಜೆ. ಆನೆಗೆ ಒಂದೇ ವರ್ಷ ಆಗಿತ್ತು.

ಹಬ್ಬದ ದಿನ ಚರ್ಚಿನ ಹಿಂದೆ ಬಿರಿಯಾನಿ ಹಂಡೆ ಕುದಿಯುತ್ತಿತ್ತು. ಒಳಗೆ ಜಮಖಾನದ ಮೇಲೆ ಮಕ್ಕಳು, ಸುತ್ತ ದೊಡ್ಡವರು. ಸೀಲಾಸ ಎಂಬ ಹುಡುಗ ಬುಗುರಿ ಆಡಿಸಿ ತೋರಿಸಿದ. ಅದು ನೆಟ್ಟಗೆ ಆರಾಧನೆ ನಡೆಸುವ ಉಪದೇಶಿಗಳ ಚಪ್ಪಲಿಯೊಳಗೆ ಹೋಯಿತು. ಎಲ್ಲರೂ ನಕ್ಕರು. ಆಮೇಲೆ ಅಕ್ಕೋರು ರೂತಳನ್ನು ಕರೆದರು.

ನೀಲಿ ಆನೆ ಹೊರಗೆ ಬಂದಾಗ ಜನ ಕತ್ತು ಚಾಚಿದರು. ಒಂದು ಗೀರಿಲ್ಲ, ಒಂದು ಕಲೆಯಿಲ್ಲ. ದೇವದಾನ ಎದೆಯುಬ್ಬಿಸಿ ಅಕ್ಕಪಕ್ಕ ನೋಡಿದ.

“ಇದನ್ನ ಹೆಂಗ ಆಡಬೇಕವಾ, ತೋರ್ಸು,” ಅಂದರು ಅಕ್ಕೋರು.

ರೂತ ಆನೆಯನ್ನು ಮೇಜಿನ ಮೇಲಿಟ್ಟಳು. ಲಂಗದ ಚುಂಗಿನಿಂದ ಅದರ ಬೆನ್ನು ಒರೆಸಿದಳು. ನಾಲ್ಕು ಹೆಜ್ಜೆ ಹಿಂದೆ ಬಂದಳು. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಳು. ಸುಮ್ಮನೆ ನಿಂತಳು.

“ಆಡು ಮತ್ತ,” ಅಂದರು ಅಕ್ಕೋರು.

“ಆಡಾಕತ್ತೇನ್ರಿ ಅಕ್ಕೋರೆ. ಇದನ್ನ ಹಿಂಗ ಆಡಬೇಕು. ಕೈ ಹಿಂದ ಕಟ್ಟಬೇಕು. ಮುಟ್ಟಬಾರದು. ಮನಿಗೆ ಯಾರರ ಬಂದ್ರ ಅಪ್ಪ ಒಂದ್ಸಲ ಬಟನ್ ಒತ್ತತಾನ. ಅವರು ಚಲೋ ಐತಿ ಅಂತಾರ. ಆಮ್ಯಾಲ ಕೀಲಿ ಹಾಕತಾನ. ಆಟ ಮುಗೀತು.”

ಮೊದಲು ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಆಮೇಲೆ ಚರ್ಚಿಗೆ ಚರ್ಚೇ ನಕ್ಕಿತು. ಮಾರ್ತವ್ವ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಆದರೆ ನಗು ಬೇಗ ತಣ್ಣಗಾಯಿತು. ಅನೇಕರಿಗೆ ತಮ್ಮ ಮನೆಯ ಗಾಜಿನ ಬಾಗಿಲು ನೆನಪಾಗಿತ್ತು.

ದೇವದಾನನ ಕಿವಿ ಕೆಂಪಾಯಿತು. ಹೇಗಾದರೂ ಮರ್ಯಾದೆ ಉಳಿಸಿಕೊಳ್ಳಬೇಕೆಂದು ಎದ್ದು ಹೋಗಿ ಗುಂಡಿ ಒತ್ತಿದ. ಆನೆ ಮಾತಾಡಲಿಲ್ಲ. ಇನ್ನೊಂದು ಒತ್ತಿದ. ಅದೂ ಇಲ್ಲ. ಜೇಬಿನಲ್ಲಿ ಸದಾ ಇರುವ ಸ್ಕ್ರೂಡ್ರೈವರ್ ತೆಗೆದು ಆನೆಯ ಹೊಟ್ಟೆ ಬಿಚ್ಚಿದ. ಒಳಗೆ ಸೆಲ್‌ಗಳು ಸೋರಿ, ತಗಡಿನ ಮೇಲೆಲ್ಲ ಬಿಳಿ ಪುಡಿ ಹೆಪ್ಪುಗಟ್ಟಿತ್ತು.

ಮುಟ್ಟಿದರೆ ಸಾಮಾನು ಕೆಡುತ್ತದೆ ಎಂದು ಅವನು ಹೆದರಿದ್ದ. ಇದು ಮುಟ್ಟದೆ ಕೆಟ್ಟಿತ್ತು. ಊರ ಮೋಟಾರುಗಳಿಗೆಲ್ಲ ಜೀವ ಕೊಡುವವನ ಮನೆಯಲ್ಲಿ ಒಂದು ಆನೆ ನಿಂತಲ್ಲೇ ಸತ್ತಿತ್ತು.

“ಒಂದು ನಿಂಬಿಹಣ್ಣು ತರ್ರಿ,” ಅಂದ ದೇವದಾನ, ತಲೆ ಎತ್ತದೆ.

ಬಿರಿಯಾನಿಯ ಕಡೆಯಿಂದ ನಿಂಬೆಹಣ್ಣು ಬಂತು. ಕೈಗವಸು ಇಲ್ಲದ್ದಕ್ಕೆ ಜಯಶೀಲಾ ಒಂದು ಪ್ಲಾಸ್ಟಿಕ್ ಚೀಲ ಕೊಟ್ಟಳು. ದೇವದಾನ ಕೈಗೆ ಅದನ್ನು ಸುತ್ತಿಕೊಂಡು ಹಳೆ ಸೆಲ್ ತೆಗೆದ, ರಸ ಹಚ್ಚಿ ತಗಡು ತಿಕ್ಕಿದ, ಒರೆಸಿ ಒಣಗಿಸಿದ. ಮಕ್ಕಳೆಲ್ಲ ಸುತ್ತ ಮುತ್ತಿಕೊಂಡರು. ಒಬ್ಬ ಸ್ಕ್ರೂ ಹಿಡಿದ. ಒಬ್ಬಳು ಆನೆಯ ಕಾಲು ಹಿಡಿದಳು. ಯಾರೋ ಗೋಡೆ ಗಡಿಯಾರದ ಸೆಲ್ ಬಿಚ್ಚಿ ತಂದರು. ಇನ್ನೊಂದು ಟಾರ್ಚಿನಿಂದ ಬಂತು. ಉಪದೇಶಿಗಳು ಗಡಿಯಾರದ ಕಡೆ ನೋಡಿ, “ಇವತ್ತು ಹೊತ್ತು ನಿಲ್ಲಲಿ ಬಿಡ್ರಿ,” ಅಂದರು.

“ಅ, ಅರಸ,” ಎಂದಿತು ಆನೆ. ಮಕ್ಕಳು ಕೇಕೆ ಹಾಕಿದರು.

ದೇವದಾನ ಆನೆಯನ್ನು ಮಗಳ ಕೈಗಿಟ್ಟ. “ಒತ್ತವಾ. ನಿನಗ ಎಷ್ಟು ಬೇಕೋ ಅಷ್ಟು ಒತ್ತು.”

ರೂತ ಮೂರು ಗುಂಡಿ ಒತ್ತಿದಳು. ಅಪ್ಪನ ಮುಖ ನೋಡಿದಳು. ಸಮಾಧಾನ ಮಾಡುವವಳ ಹಾಗೆ ಅಂದಳು, “ಚಲೋ ಐತಪ್ಪಾ. ಆದ್ರ ಇದೆಲ್ಲಾ ನನಗ ಬರ್ತೈತಿ. ಕ್ಷ, ಜ್ಞ ತನಕಾ ಬರ್ತೈತಿ.”

ಹಾಗಂದು ಮೂರು ವರ್ಷದ ಕೃಪಾಳನ್ನು ಪಕ್ಕದಲ್ಲಿ ಕೂರಿಸಿಕೊಂಡಳು. ಅವಳ ಬೆರಳು ಹಿಡಿದು ಗುಂಡಿಯ ಮೇಲಿಟ್ಟಳು. “ಜೋರ್ ಒತ್ತು. ಏನೂ ಆಗಂಗಿಲ್ಲ.”

ಕೃಪಾ ಒತ್ತಿದಳು, ಕುಟ್ಟಿದಳು, ಸೊಂಡಿಲನ್ನು ಬಾಯಿಗಿಟ್ಟು ಚೀಪಿದಳು. ಆನೆಗೆ ಏನೂ ಆಗಲಿಲ್ಲ.

ದೇವದಾನ ಜಮಖಾನದ ಮೇಲೆ ಕೂತೇ ಇದ್ದ. ಸುಟ್ಟ ಮೋಟಾರಿಗೆ ಮತ್ತೆ ತಂತಿ ಸುತ್ತಬಹುದು. ದಾಟಿಹೋದ ನಾಲ್ಕನೆಯ ವರ್ಷಕ್ಕೆ ಸುತ್ತುವ ತಂತಿ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಮಗಳು ಅಳುತ್ತ ಆನೆ ಕೊಟ್ಟಿದ್ದರೆ ಅವನಿಗೆ ಇಷ್ಟು ನೋಯುತ್ತಿರಲಿಲ್ಲ. ಅವಳು ನಗುತ್ತ ಕೊಟ್ಟಳು.

ಮನೆಗೆ ಬಂದವನೇ ಕುರ್ಚಿ ಹತ್ತಿ ಹೊಸ ಡಬ್ಬಿ ಇಳಿಸಿದ. ರೂತ ಓಡಿ ಬಂದು ಕೈ ಹಿಂದೆ ಕಟ್ಟಿ ನಿಂತಳು. “ಅಪ್ಪಾ, ಇದನ್ನ ಎಷ್ಟು ದೂರ ನಿಂತು ನೋಡ್ಲಿ?”

ದೇವದಾನ ಡಬ್ಬಿಯ ಮುಚ್ಚಳವನ್ನು ಪರ್ರನೆ ಹರಿದ.

ಜಯಶೀಲಾ ಹರಿದ ಚೂರು ಎತ್ತಿಕೊಂಡು ಓದಿದಳು. “ಎಂಟು ವರ್ಷದವ್ರಿಗೆ ಅಂತ ಐತಲ್ರಿ?”

“ಆಕಿಗೆ ಐದು, ನನಗ ಮೂವತ್ತಾರು. ಕೂಡಿಸಿದ್ರ ಸಾಲಂಗಿಲ್ಲೇನು? ಸಣ್ಣ ಸ್ಕ್ರೂ ನನ್ನ ಕೈಯಾಗ ಇರ್ತಾವ. ಬಾರವಾ, ಕೂಡು.”

ಅಪ್ಪ ಮಗಳು ನೆಲದ ಮೇಲೆ ಕೂತರು. ರೂತ ತಂತಿಯನ್ನು ತಿರುಗಾಮುರುಗಾ ಸಿಕ್ಕಿಸಿದಳು. ರೆಕ್ಕೆ ಹಿಂದುಮುಂದಾಗಿ ತಿರುಗಿತು. ಅಪ್ಪ ಸರಿಮಾಡಲು ಹೋದ. “ತಡಿ, ಯಾಕ ಹಿಂಗಾತು ನಾ ನೋಡ್ತೀನಿ,” ಅಂದಳು. ತಡೆದ. ಆಮೇಲೆ ಉರುಳೆ ರೈಲಿನ ಮುಂದೆ ಬಲ್ಬು ಕಟ್ಟಬೇಕೆಂದಳು. ದೇವದಾನ ಉಮೇದಿನಿಂದ ಒಂದು ಸೆಲ್ ಹೆಚ್ಚಿಗೆ ಹಚ್ಚಿಬಿಟ್ಟ. ಬಲ್ಬು ಫಕ್ಕೆಂದು ಆರಿಹೋಯಿತು.

“ಕೆಡಸಿದ,” ಅಂದಳು ಮಾರ್ತವ್ವ. “ಐದು ವರ್ಷದಾಕಿ ಕೆಡಸಲಿಲ್ಲ, ಮೇಸ್ತ್ರಿ ಕೆಡಸಿದ.”

ಡಬ್ಬಿಯಲ್ಲಿ ಇನ್ನೊಂದು ಬಲ್ಬಿತ್ತು. ಅದನ್ನು ಕಟ್ಟಿದರು. ರೈಲು ಒಲೆಯ ಹತ್ತಿರದಿಂದ ದೀಪ ಹಚ್ಚಿಕೊಂಡು ಹೊರಟಿತು.

ಅಷ್ಟರಲ್ಲಿ ದೇವದಾನನ ಮೊಬೈಲು ಬಡಿದುಕೊಂಡಿತು. ಅವನ ಕೈ ಅತ್ತ ಹೋಗುವ ಮುಂಚೆ ಮಾರ್ತವ್ವ ಅದನ್ನು ಎತ್ತಿಕೊಂಡಳು. ಬೆಳಿಗ್ಗೆ ಆನೆ ತೆಗೆದಾಗಿನಿಂದ ಕೀಲಿ ಬೀಗದಲ್ಲೇ ಇತ್ತು. ಶೋಕೇಸಿನಿಂದ ಆರು ಗಾಜಿನ ಲೋಟ ಹೊರಗೆ ತೆಗೆದು ಸೊಸೆಗೆ ಕೊಟ್ಟಳು, ಶರಬತ್ತು ಮಾಡಲು. ಆನೆ ನಿಂತಿದ್ದ ಜಾಗದಲ್ಲಿ ಮೊಬೈಲ್ ಇಟ್ಟಳು. ಬೀಗ ಹಾಕಿ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

“ಅವ್ವಾ, ಅದು—”

“ತುಟ್ಟಿ ಸಾಮಾನೋ ತಮ್ಮಾ. ಯಾರರ ಬಂದಾಗ ತೋರ್ಸೋಣು.”

ಕಥೆ ಇಷ್ಟೇ. ಇನ್ನು ನೀತಿ, ಸುತ್ತುಬಳಸದೆ.

ನೀತಿ: ಆಟಿಕೆ ಮಗುವಿನ ಕೈಗೆ, ಬಂದವರ ಕಣ್ಣಿಗಲ್ಲ. ಮಾತಾಡುವ ಆಟಿಕೆಯಾಗಲಿ, ದೀಪ ಹತ್ತುವ ಆಟಿಕೆಯಾಗಲಿ, ಮಗು ಮುಟ್ಟಿದರೆ ಮಾತ್ರ ಕಲಿಸುತ್ತದೆ. ಮುಟ್ಟಿ ಕೆಟ್ಟದ್ದನ್ನು ರಿಪೇರಿ ಮಾಡಬಹುದು, ಮುಟ್ಟದೆ ಕಳೆದ ವಯಸ್ಸನ್ನು ಮಾಡಲಾಗದು. ಆದ್ದರಿಂದ ಈ ಕ್ರಿಸ್ಮಸ್ಸಿಗೆ ಮಗುವಿನ ಇಂದಿನ ವಯಸ್ಸಿಗೆ ಒಪ್ಪುವುದನ್ನು ತನ್ನಿ. ಅದಕ್ಕಿಂತ ದೊಡ್ಡದನ್ನು ತಂದರೆ ಪಕ್ಕದಲ್ಲಿ ನೀವೂ ಕೂರಿ. ಕೂರಲು ಪುರುಸೊತ್ತಿಲ್ಲದಿದ್ದರೆ ತರಲೇಬೇಡಿ.

ನಿಮ್ಮ ಮನೆಯ ಶೋಕೇಸಿನಲ್ಲೂ ಒಂದು ಆನೆ ಇದೆ. ಇಲ್ಲ ಅನ್ನಬೇಡಿ. ಈ ಕಥೆಯನ್ನು ನಾಲ್ಕು ಜನರಿಗೆ ಕಳಿಸುವುದು ಆಮೇಲೆ ಇರಲಿ. ಈಗ ಏಳಿ. ಬೀಗ ತೆಗೆಯಿರಿ. ಆನೆಯನ್ನು ಮಗುವಿನ ಕೈಗೆ ಕೊಡಿ.