ಜೆರಾಕ್ಸ್ ಮಿಷನ್ನಿನ ಹಣೆಯ ಕುಂಕುಮ

ಹಿರಿಯೂರಿನ ತಾಲ್ಲೂಕು ಕಚೇರಿ ಎದುರು ಗಂಗಾಂಬಿಕಮ್ಮನದೊಂದು ಜೆರಾಕ್ಸ್ ಅಂಗಡಿ. ಅಂಗಡಿ ಅವಳದು, ಮಿಷನ್ ಮಾತ್ರ ಬಾಡಿಗೆಯದು. ಕರಾರು ಮುಗಿದ ದಿನ ಅದನ್ನು ವಾಪಸ್ ಒಯ್ಯಲು ಕಂಪನಿಯಿಂದ ಪ್ರಹ್ಲಾದ ಬಂದ. ಇಸ್ತ್ರಿ ಕೆಡದ ಅಂಗಿ, ನಗು ಕಾಣದ ಮುಖ.

ಮಿಷನ್ನಿಗೆ ಎರಡು ಸುತ್ತು ಬಂದು, "ಇದೇನಮ್ಮಾ ಕೆಂಪು ಕಲೆ?" ಅಂದ.

"ಕಲೆ ಅಲ್ಲ ಸಾರ್, ಕುಂಕುಮ. ಹೋದ ವಾರ ಆಯುಧಪೂಜೆ ಮಾಡಿದ್ವಲ್ಲ. ಒರೆಸಿದರೆ ಹೋಗುತ್ತೆ."

"ಒರೆಸೋ ಹಾಗಿಲ್ಲ. ಕಂಪನಿ ವಸ್ತುವಿನ ಮೇಲೆ ಏನೇ ಇದ್ದರೂ ಅದು ಡ್ಯಾಮೇಜು. ಡೆಪಾಸಿಟ್ ಮರೆತುಬಿಡಿ," ಅಂತ ಫೋಟೋ ಹೊಡೆಯಲು ಕೈಲಿದ್ದ ಟ್ಯಾಬನ್ನು ಎತ್ತಿ ಹಿಡಿದ.

ಗಂಗಾಂಬಿಕಮ್ಮ ಮಿಷನ್ ಪಕ್ಕದಲ್ಲೇ ನಿಂತಿದ್ದಳು. ಟ್ಯಾಬಿನ ಬೆನ್ನು ನೇರ ಅವಳ ಕಣ್ಣಿಗೇ ಬಿತ್ತು. ಅದರ ನಟ್ಟನಡುವೆ ಗಂಧ, ಗಂಧದ ಮೇಲೆ ದುಂಡಗೆ ಕುಂಕುಮ.

"ಆ ಟ್ಯಾಬ್ ನಿಮ್ಮ ಸ್ವಂತದ್ದಾ ಸಾರ್?"

"ಕಂಪನಿದು. ಯಾಕೆ?"

"ಸ್ವಲ್ಪ ತಿರುಗಿಸಿ ನೋಡಿ."

ನೋಡಿದ. ಹೆಬ್ಬೆರಳು ತಾನಾಗಿಯೇ ಒರೆಸಲು ಹೋಯಿತು.

"ಒರೆಸೋ ಹಾಗಿಲ್ಲ ಸಾರ್," ಅಂದಳು ಮೆತ್ತಗೆ. ಬಿಳಿ ಹಾಳೆಯೊಂದನ್ನು ಮುಂದಿಟ್ಟಳು. "ಕುಂಕುಮ ಅಂದರೆ ಡ್ಯಾಮೇಜು ಅಂತ ಬರೆದು ರುಜು ಹಾಕಿ. ಎರಡು ಜೆರಾಕ್ಸ್ ತೆಗೀತೀನಿ. ಒಂದು ಗ್ರಾಹಕರ ಕೋರ್ಟಿಗೆ, ಇನ್ನೊಂದು ನಿಮ್ಮ ಮ್ಯಾನೇಜರಿಗೆ. ಅಕ್ಷರ ಚೆನ್ನಾಗಿ ಮೂಡುತ್ತೆ, ಮಿಷನ್ನಿಗೇನೂ ಆಗಿಲ್ಲ."

ಪ್ರಹ್ಲಾದ ಹಾಳೆಯನ್ನು ತನ್ನ ಕಡೆಗೆ ಎಳೆದುಕೊಂಡ. ಆಮೇಲೆ, 'ಮಿಷನ್ ಸುಸ್ಥಿತಿಯಲ್ಲಿದೆ, ಡೆಪಾಸಿಟ್ ಪೂರ್ತಿ ವಾಪಸ್' ಅಂತ ಬರೆದು ರುಜು ಹಾಕಿದ.

ಗಂಗಾಂಬಿಕಮ್ಮ ಅದನ್ನೇ ಎರಡು ಜೆರಾಕ್ಸ್ ತೆಗೆದಿಟ್ಟುಕೊಂಡಳು. ಒಳಗಿಂದ ಒದ್ದೆ ಬಟ್ಟೆ ತಂದು ಕೇಳಿದಳು:

"ಮೊದಲು ಯಾವುದನ್ನ ಒರೆಸಲಿ ಸಾರ್?"